ಜಯಶೀಲಾ, ಹಾಜರ್

ಆಡಿಟ್ ಬರುತ್ತೆ ಅಂತ ಗೊತ್ತಾದ ಮರುದಿನವೇ ಗಂಗಾಧರಯ್ಯನ ಗೋಡೌನಿನಿಂದ ಕೋಟಿನ ಮೂಟೆ ಆಚೆ ಬಂತು. ಮಳೆಗಾಲ ಪೂರ್ತಿ ನೆನೆದುಕೊಂಡು ಬೀದಿ ಗುಡಿಸಿದಾಗ ಬರದ ಕೋಟು, ಸತ್ತ ನಾಯಿಯನ್ನ ಬರಿಗೈಲಿ ಎತ್ತಿ ಹಾಕಿದಾಗ ಬರದ ಗ್ಲೌಸು, ಎಲ್ಲಾ ಅವತ್ತು ಬಂತು. ಸೋಪು ಕೂಡ ಬಂತು ಅಂದ್ರೆ ನಂಬಿ. ಹೆಂಗಸರೆಲ್ಲ ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು, ಕುಂಕುಮ ಇಟ್ಕೊಂಡು ಬರಬೇಕಂತೆ. ನೋಡೋಕೆ ಬರೋ ಮೇಡಂಗೆ ವಾಸನೆ ಹೊಡೀಬಾರ್ದಂತೆ.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಜೆ.ಪಿ. ನಗರದ ಒಂದಷ್ಟು ಬೀದಿಗಳ ಕಸದ ಕಂಟ್ರಾಕ್ಟು ಗಂಗಾಧರಯ್ಯನದು. ಜರಗನಹಳ್ಳಿಯ ಹಳೇ ಕುಳ. ರಾಗಿ ಬೆಳೀತಿದ್ದ ಹೊಲವೆಲ್ಲ ಸೈಟಾಗಿ ಮಾರಿಹೋದ ಮೇಲೆ ಮೂರಂತಸ್ತಿನ ಬಿಲ್ಡಿಂಗ್ ಎಬ್ಬಿಸಿದ. ಅದರ ಹಿಂದೆ ಶೀಟಿನ ಮನೆಗಳ ಸಾಲು ಹಾಕಿದ. ಅದರಲ್ಲಿ ತನ್ನ ಕೈಕೆಳಗೆ ಕಸ ಗುಡಿಸೋರನ್ನೇ ಬಾಡಿಗೆಗೆ ಇಟ್ಟ. ಸಂಬಳ ಅವನ ಕೈಯಿಂದಲೇ ಬರಬೇಕು, ಬಾಡಿಗೆ ಅವನ ಕೈಗೇ ಹೋಗಬೇಕು. ಎದುರು ಮಾತಾಡಿದರೆ ಒಂದೇ ಏಟಿಗೆ ಕೆಲಸವೂ ಹೋಯ್ತು, ತಲೆ ಮೇಲಿನ ಸೂರೂ ಹೋಯ್ತು. ಬಲೇ ಬುದ್ಧಿವಂತ.

ಈಶ್ವರಮ್ಮ ಆ ಸಾಲಿನ ಕೊನೇ ಮನೆಯವಳು. ಪಾವಗಡದ ಕಡೆಯಿಂದ ಬಂದವಳು. ಮೊದಲು ಜಯನಗರದಲ್ಲಿ ಮನೆಗಳ ಮುಸುರೆ ತಿಕ್ಕುತ್ತಿದ್ದಳು. ಬೀದಿ ಗುಡಿಸ್ತಿದ್ದವಳು ಅವಳ ತಂಗಿ ಜಯಶೀಲಾ. ಹೋದ ವರ್ಷ ಜಯಶೀಲಾ ಸತ್ತಳು. ಸತ್ತಳು ಅಂದ್ರೆ ಜ್ವರ ಬಂದು ಸಾಯಲಿಲ್ಲ. ಬೆಳಗ್ಗೆ ಕನಕಪುರ ರೋಡಿನ ತಿರುವಿನಲ್ಲಿ ಕಸದ ಲಾರಿಗೆ ಬುಟ್ಟಿ ಎತ್ತಿಕೊಡ್ತಾ ನಿಂತಿದ್ದಳು. ಲಾರಿ ಹಿಂದಕ್ಕೆ ಬಂತು. ಹಿಂದೆ ಗೋಡೆ ಇತ್ತು.

ಹಂಗಂತ ಈಶ್ವರಮ್ಮ ಹೇಳ್ತಾಳೆ. ಗಂಗಾಧರಯ್ಯ ಹೇಳಿದ್ದು ಬೇರೆ. ಆ ಹೆಂಗಸು ಅವತ್ತು ಕೆಲಸಕ್ಕೇ ಬಂದಿರಲಿಲ್ಲ, ಅವಳು ನಮ್ಮ ಕೆಲಸದವಳೇ ಅಲ್ಲ, ರಸ್ತೆ ದಾಟೋವಾಗ ಯಾವುದೋ ಗಾಡಿ ಹೊಡ್ಕೊಂಡು ಹೋಗಿದೆ, ಪಾಪ, ಅಂತ ಪೊಲೀಸರಿಗೆ ಹೇಳಿಕೆ ಕೊಟ್ಟ. ಅವನ ಜೊತೆ ವಾರ್ಡ್ ಆಫೀಸಿನ ಇನ್ಸ್‌ಪೆಕ್ಟರೂ ಹೌದೌದು ಅಂದ. ಈಶ್ವರಮ್ಮ ಮುಸುರೆ ಕೈಲೇ ಆಸ್ಪತ್ರೆಗೆ ಓಡಿಹೋದಾಗ ಜಯಶೀಲಾ ಸೀರೆಯಲ್ಲಿ ಮಲಗಿದ್ದಳು. ಕೋಟು ಇರಲಿಲ್ಲ.

ಈ ಕೋಟಿನ ವಿಷಯ ಸ್ವಲ್ಪ ಹೇಳಬೇಕು. ಹಿಂದಿನ ಕಂಟ್ರಾಕ್ಟರು ಒಂದು ಸಲ ಎಲ್ಲರಿಗೂ ಹಸಿರು ಕೋಟು ಹಂಚಿದ್ದ. ಗಂಗಾಧರಯ್ಯ ಬಂದಮೇಲೆ ಹೊಸದು ಕೊಡೋ ಮಾತೇ ಇಲ್ಲ. ಉಳಿದವರ ಕೋಟು ಹರಿದು ನೆಲ ಒರೆಸೋ ಬಟ್ಟೆಯಾಯ್ತು. ಜಯಶೀಲಾ ಮಾತ್ರ ತನ್ನದನ್ನ ಒಗೆದು ಮಡಿಸಿ ಇಟ್ಟುಕೊಳ್ಳೋಳು. ಕೋಟು ಹಾಕಿದ್ರೆ ಜನ ಸ್ವಲ್ಪ ದೂರ ನಿಂತೇ ಮಾತಾಡಿದರೂ ‘ಏಯ್’ ಅನ್ನಲ್ಲ, ‘ಏನಮ್ಮ’ ಅಂತಾರೆ ಅನ್ನೋಳು. ಅವಳು ಕೋಟಿಲ್ಲದೆ ಬೀದಿಗೆ ಇಳಿದವಳೇ ಅಲ್ಲ. ಈಶ್ವರಮ್ಮ ಸ್ಟೇಷನ್ನಿನಲ್ಲಿ ಅದನ್ನೇ ಹೇಳಿದಳು. ನನ್ನ ತಂಗಿ ಕೋಟು ಹಾಕ್ಕೊಂಡು ಹೋಗಿದ್ಲು ಸಾರ್, ಕೋಟು ಎಲ್ಲಿ ಸಾರ್. ಕೋಟೂ ಇಲ್ಲ ಗೀಟೂ ಇಲ್ಲ ಹೋಗಮ್ಮ ಅಂದರು.

ಲಕ್ಷ್ಮಮ್ಮ ನೋಡಿದ್ದಳು. ಪಕ್ಕದ ಶೀಟಿನ ಮನೆಯವಳು, ಅವತ್ತು ಜಯಶೀಲಾ ಜೊತೆಗೇ ಬುಟ್ಟಿ ಹಿಡಿದವಳು. ಈಶ್ವರಮ್ಮ ಅವಳ ಕಾಲು ಹಿಡ್ಕೊಂಡಳು. ಲಕ್ಷ್ಮಮ್ಮ ನೆಲ ನೋಡ್ತಾ, "ನಾನೇನೂ ನೋಡಿಲ್ಲ ಕಣಕ್ಕ, ನಾನು ಆ ಕಡೆ ತಿರುಗಿದ್ದೆ" ಅಂದಳು. ಅವಳಿಗೂ ಮೂರು ಮಕ್ಕಳು, ಅವಳದ್ದೂ ಅದೇ ಸೂರು. ಗೊತ್ತು. ಗೊತ್ತಿದ್ದರೂ ಈಶ್ವರಮ್ಮ ಅವಳನ್ನ ಕ್ಷಮಿಸಲಿಲ್ಲ. ಯಾಕೆ ಕ್ಷಮಿಸಬೇಕು?

ಪರಿಹಾರ ಇಲ್ಲ, ಕೇಸಿಲ್ಲ, ಏನಿಲ್ಲ. ಜಯಶೀಲಾಳ ಗಂಡ ಸಂಜೀವಯ್ಯ ಮಗಳು ಶೃತಿಯನ್ನ ಈಶ್ವರಮ್ಮನ ಮಡಿಲಿಗೆ ಹಾಕಿ ಊರ ಕಡೆ ಹೋದವನು ಇನ್ನೂ ಬಂದಿಲ್ಲ. ಶೃತಿ ಸ್ಕೂಲಿನಲ್ಲಿ ಯಾರಾದ್ರೂ ಕೇಳಿದರೆ, "ನಮ್ಮಮ್ಮ ನೋಡ್ದೆ ರೋಡ್ ಕ್ರಾಸ್ ಮಾಡಿ ಸತ್ತೋದ್ಲು" ಅಂತ ಹೇಳೋದು ಕಲಿತುಬಿಟ್ಟಿತ್ತು. ತಾಯಿಯನ್ನ ಕೊಂದಿದ್ದೂ ಅಲ್ಲದೆ ತಪ್ಪನ್ನೂ ಅವಳ ತಲೆಗೇ ಕಟ್ಟಿದ್ದಾರಲ್ಲ, ಮುಂಡೇಮಕ್ಕಳು.

ತಿಂಗಳು ಕಳೆಯೋದ್ರೊಳಗೆ ಮೇಸ್ತ್ರಿ ಕಿಟ್ಟಿ ಬಂದ. ಗಂಗಾಧರಯ್ಯನ ಬಲಗೈ ಬಂಟ. ಬೈಕಿನಿಂದ ಇಳಿಯದೇ, "ನಿನ್ ತಂಗಿ ಬೀದಿ ಖಾಲಿ ಬಿದ್ದೈತೆ, ನೀನೇ ಬಾ, ಅಯ್ಯ ಹೇಳವ್ರೆ, ಮನೇನೂ ಖಾಲಿ ಮಾಡ್ಬೇಡ ಅಂದವ್ರೆ" ಅಂದ. ಉಪಕಾರ ಮಾಡಿದವನ ಹಂಗೆ ನಿಂತಿದ್ದ. ಈಶ್ವರಮ್ಮನಿಗೆ ಹೋಗದೆ ವಿಧಿಯಿರಲಿಲ್ಲ. ತಂಗಿಯ ಪೊರಕೆ ಹಿಡಿದು ತಂಗಿಯ ಬೀದಿಗೇ ಇಳಿದಳು.

ಆ ಬೀದಿಗಳ ಕಥೆ ಏನು ಹೇಳೋದು. ಬೆಳಕು ಹರಿಯೋದ್ರೊಳಗೆ ಗುಡಿಸಿ ಮುಗಿಸಬೇಕು, ವಾಕಿಂಗ್ ಬರೋರಿಗೆ ಧೂಳು ಹಾರಬಾರದು. ಎಂಜಲೆಲೆ, ಕೊಳೆತ ಹೂವು, ಮಕ್ಕಳ ಹೇಲು ಸುತ್ತಿದ ಪ್ಲಾಸ್ಟಿಕ್ಕು, ಹೆಂಗಸರ ಮುಟ್ಟಿನ ಬಟ್ಟೆ, ಒಡೆದ ಬಾಟ್ಲಿ. ಕೈಯಲ್ಲೇ ಬಾಚಿ ಬುಟ್ಟಿಗೆ ತುಂಬಬೇಕು. ಗಾಜು ಕುಯ್ದರೆ ಸೆರಗು ಹರಿದು ಸುತ್ತಿಕೊಂಡು ಮುಂದಿನ ಮನೆ. ಕುಡಿಯೋಕೆ ನೀರು ಕೇಳಿದರೆ ಗೇಟು ತೆಗೆಯಲ್ಲ. ಗೇಟಿನ ಆಚೆಗೆ ಬೊಗಸೆ ಒಡ್ಡು ಅಂತಾರೆ, ಮೇಲಿಂದ ಸುರೀತಾರೆ. ಅರ್ಧ ಬಾಯಿಗೆ, ಅರ್ಧ ಮೊಣಕೈಗೆ. ಆಮೇಲೆ ಆ ಲೋಟವನ್ನ ಬೇರೆ ಇಡ್ತಾರೆ. ಗಬ್ಬು ಮಾಡೋರು ಯಾರು, ಗಬ್ಬು ಯಾರು ಅಂತ ಆ ದೇವರೇ ಹೇಳಬೇಕು.

ಬಡಾವಣೆಯವರಿಗೂ ಒಂದು ದೂರು ಇತ್ತು. ಅಷ್ಟು ಜನ ಕೆಲಸದವರಿದ್ದಾರೆ ಅಂತ ದುಡ್ಡು ಹೋಗ್ತಿದೆ, ಬೀದೀಲಿ ಕಾಣೋದು ಅದರ ಅರ್ಧ, ಮಿಕ್ಕವರೆಲ್ಲಿ? ರಿಟೈರ್ ಆದ ಒಂದಷ್ಟು ಜನ ಸೇರಿ ಕಾರ್ಪೊರೇಶನ್ನಿಗೆ ಬರೆದರು, ಮತ್ತೆ ಬರೆದರು, ಬಿಡದೆ ಬರೆದರು. ಕೊನೆಗೆ ಮೇಲಿನವರು ಹೊರಗಿನಿಂದ ಒಬ್ಬ ಆಡಿಟರನ್ನ ನೇಮಿಸಿದರು. ಕಮಲಾದೇವಿ ಅಂತ. ಲೆಕ್ಕಪತ್ರ ಇಲಾಖೆಯಲ್ಲಿ ದುಡಿದು ನಿವೃತ್ತಿಯಾದವರು. ಆಕೆ ಕಾಗದ ಕೇಳಲಿಲ್ಲ. "ಜನರನ್ನ ತಂದು ನಿಲ್ಲಿಸಿ, ಒಬ್ಬೊಬ್ಬರನ್ನೇ ನೋಡ್ತೀನಿ" ಅಂದರು. ಗಂಗಾಧರಯ್ಯನಿಗೆ ಬೆವರು ಬಂದಿದ್ದು ಆಗ.

ಜನ ಬೇಕಲ್ಲ? ಅಂಜನಾಪುರದಲ್ಲಿ ಆಗ ಹೊಸ ಲೇಔಟ್ ಏಳ್ತಾ ಇತ್ತು. ಅಲ್ಲಿ ಜಲ್ಲಿ ಹೊರೋ ಹೆಂಗಸರನ್ನ ಕಿಟ್ಟಿ ಟೆಂಪೋದಲ್ಲಿ ತುಂಬಿಕೊಂಡು ಬಂದ. ಒಂದು ದಿನದ ಕೂಲಿ, ಮಧ್ಯಾಹ್ನ ಅನ್ನಸಾರು. ಹಿಂದಿನ ಸಲ ಇನ್ನೆಲ್ಲೋ ಇಂಥದ್ದೇ ತಪಾಸಣೆಯಲ್ಲಿ ಒಬ್ಬಳು ತಡವರಿಸಿ ಮರ್ಯಾದೆ ಕಳೆದಿದ್ದಳಂತೆ. ಅದಕ್ಕೆ ಕಿಟ್ಟಿ ಈ ಸಲ ಎಲ್ಲರನ್ನೂ ಗೋಡೌನಿನಲ್ಲಿ ಕೂರಿಸಿ ಬಾಯಿಪಾಠ ಮಾಡಿಸಿದ. ನಿನ್ನ ಹೆಸರು ಇದು, ಗಂಡನ ಹೆಸರು ಇದು, ಇಂಥ ಬೀದಿ. ತಡವರಿಸಿದವರಿಗೆ ಕೂಲಿ ಇಲ್ಲ.

ಆಮೇಲೆ ಈಶ್ವರಮ್ಮನ ಮುಂದೆ ಬಂದು ನಿಂತ. ಮೂಟೆಯಿಂದ ಒಂದು ಕೋಟು ಎಳೆದು ಅವಳ ಮೇಲೆ ಎಸೆದ.

"ನಾಳೆ ನಿನ್ ಹೆಸ್ರು ಜಯಶೀಲಾ. ಗಂಡನ್ ಹೆಸ್ರು ಸಂಜೀವಯ್ಯ. ಕೂಗ್ದಾಗ ಹಾಜರ್ ಅನ್ನು, ಅಷ್ಟೇ."

"ನನ್ ಹೆಸ್ರು?"

"ನಿನ್ ಹೆಸ್ರು ಎಲ್ಲೈತೆ? ಮೊದ್ಲಿಂದಾನೂ ಅವಳ ಹೆಸ್ರಲ್ಲೇ ನೀನು ಗುಡಿಸ್ತಿರೋದು. ಹೊಸ ಹೆಸ್ರು ಸೇರ್ಸೋದು ಅಂದ್ರೆ ಸುಮ್ನೇನಾ? ಸತ್ತೋಳ ಹೆಸ್ರಿಗೆ ಅನ್ನ ತಿಂತಿದೀಯ, ತಿನ್ನು."

ಈಶ್ವರಮ್ಮನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲಾ ಅರ್ಥವಾಯ್ತು. ಪೊಲೀಸರಿಗೆ ಅವಳು ನಮ್ಮವಳೇ ಅಲ್ಲ ಅಂದವನು, ಇಷ್ಟು ದಿನವೂ ಅವಳನ್ನ ಬದುಕಿಸಿ ಇಟ್ಟುಕೊಂಡು ಅವಳ ಹೆಸರಿನಲ್ಲಿ ಉಣ್ಣುತ್ತಿದ್ದಾನೆ. ಸಾವಿಗೆ ಬೇಡವಾದವಳು ಸಂಬಳಕ್ಕೆ ಬೇಕು.

ಕೋಟು ತೊಟ್ಟುಕೊಂಡಳು. ಕೈ ತಾನಾಗೇ ಒಳಗೆ ಹೋಯ್ತು. ಒಳಗೆ ಒಂದು ಜೇಬಿತ್ತು. ಕೋಟು ಹಂಚಿದವರು ಹೊಲಿದ ಜೇಬಲ್ಲ. ಕೆಂಪು ಚೌಕಳಿ ಸೀರೆಯ ತುಂಡಿನದು. ಈಶ್ವರಮ್ಮನದೇ ಸೀರೆ, ಈಶ್ವರಮ್ಮನದೇ ಹೊಲಿಗೆ. ಎಲೆಅಡಿಕೆ ಇಟ್ಟುಕೊಳ್ಳೋಕೆ ಒಂದು ಜೇಬು ಹಾಕ್ಕೊಡಕ್ಕ ಅಂತ ಜಯಶೀಲಾ ಪೀಡಿಸಿ ಹಾಕಿಸಿಕೊಂಡಿದ್ದಳು. ಬೆನ್ನಿನ ಮೇಲೆ ದೊಡ್ಡ ಕಂದು ಕಲೆ, ಎಷ್ಟು ಒಗೆದರೂ ಹೋಗದೆ ಉಳಿದದ್ದು.

ಹೆಣದ ಮೈಮೇಲಿಂದ ಕೋಟು ಬಿಚ್ಚಿದ್ದಾರೆ. ಲಾರಿಗೂ ಗೋಡೆಗೂ ನಡುವೆ ಅಪ್ಪಚ್ಚಿಯಾದವಳ ಕೈಯೆತ್ತಿ, ತೋಳಿನಿಂದ ಎಳೆದು, ಮಗ್ಗುಲಿಗೆ ಹೊರಳಿಸಿ ಬಿಚ್ಚಿದ್ದಾರೆ. ಬಿಚ್ಚಿ ಒಗೆದು ಮೂಟೆಗೆ ತುಂಬಿದ್ದಾರೆ. ಕಸದವಳ ಕೋಟೂ ಬಿಸಾಡೋ ಮನಸ್ಸು ಬರಲಿಲ್ಲ ನೋಡಿ ಆ ಜುಗ್ಗನಿಗೆ.

ಕಿಟ್ಟಿಯ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಹಿಡಿದಿದ್ದರೆ ಏನಾಗ್ತಿತ್ತು? ಅವಳನ್ನ ಹುಚ್ಚಿ ಅಂತ ಆಚೆ ತಳ್ಳಿ, ಜಲ್ಲಿ ಹೊರೋ ಇನ್ನೊಬ್ಬಳಿಗೆ ಅದೇ ಕೋಟು ಹಾಕಿ ನಿಲ್ಲಿಸ್ತಿದ್ದ. ಸ್ಟೇಷನ್ನಿನಲ್ಲಿ ಕೂಗಾಡಿ ಅವಳು ಕಂಡಿದ್ದು ಅಷ್ಟೇ. ಈ ಸಲ ಕೂಗಬಾರದು. ಈ ಸಲ ಗಂಗಾಧರಯ್ಯನ ಬಾಯಲ್ಲೇ ಬರಬೇಕು.

"ಸಂಜೀವಯ್ಯ. ಆಗ್ಲಿ, ಹೇಳ್ತೀನಿ" ಅಂದಳು.

ಮಾರನೇ ದಿನ ಆಟದ ಮೈದಾನದಲ್ಲಿ ಶಾಮಿಯಾನ. ಅದರ ಕೆಳಗೆ ಕಮಲಾದೇವಿ, ಪಕ್ಕದಲ್ಲಿ ಬರೆದುಕೊಳ್ಳೋಕೆ ಒಬ್ಬಳು ಹುಡುಗಿ. ಬಿಳೀ ಪಂಚೆ ಉಟ್ಟ ಗಂಗಾಧರಯ್ಯ, ಅವನ ಪಕ್ಕ ವಾರ್ಡ್ ಆಫೀಸಿನ ಇನ್ಸ್‌ಪೆಕ್ಟರು. ಬಂದೋಬಸ್ತಿಗೆ ಅಂತ ಇಬ್ಬರು ಕಾನ್‌ಸ್ಟೇಬಲ್. ಕೋಟು ಹಾಕಿದ ಹೆಂಗಸರು ಬಿಸಿಲಲ್ಲಿ ಸಾಲಾಗಿ.

ಮೊದಲು ಬಂದವಳು ಲಕ್ಷ್ಮಮ್ಮ. ಹೆಸರು ಹೇಳಿದಳು. ಗಂಡನ ಹೆಸರು ಅಂದಾಗ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅದೆಂಗೆ ಹೇಳ್ಲಿ ಮೇಡಂ" ಅಂತ ಹಿಂದಿನವಳನ್ನ ಮೊಣಕೈಲಿ ತಿವಿದಳು. ಹಿಂದಿನವಳು ಇವಳ ಗಂಡನ ಹೆಸರು ಹೇಳಿದಳು, ತನ್ನ ಸರದಿ ಬಂದಾಗ ಅವಳೂ ನಾಚಿಕೊಂಡು ಇನ್ನೊಬ್ಬಳನ್ನ ತಿವಿದಳು. ಹಂಗೇ ಒಂದಷ್ಟು ಜನ. ಕಮಲಾದೇವಿ ನಗ್ತಾ ಬರೆಸ್ತಾ ಹೋದರು.

ಆಮೇಲೆ ಅಂಜನಾಪುರದವರು ಬಂದರು. ಹೆಸರು ಕೇಳೋಕೆ ಮುಂಚೆಯೇ ಹೆಸರು, ಗಂಡನ ಹೆಸರು, ಬೀದಿ, ಮೂರೂ ಒಂದೇ ಉಸಿರಿಗೆ. ಒಬ್ಬಳು, ಇನ್ನೊಬ್ಬಳು, ಮತ್ತೊಬ್ಬಳು. ಸ್ಕೂಲ್ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ. ಗಂಡನ ಹೆಸರು ಹೇಳೋವಾಗ ಒಬ್ಬಳ ಕಣ್ಣೂ ತಗ್ಗಲಿಲ್ಲ.

ಕಮಲಾದೇವಿ ಕನ್ನಡಕ ತೆಗೆದರು.

"ಗಂಗಾಧರಯ್ಯನವರೇ, ನಾನು ಓದಿದೋಳು, ಆಫೀಸಿನಲ್ಲಿ ದುಡಿದೋಳು. ಆದ್ರೂ ನಮ್ಮನೆಯವರ ಹೆಸರು ಇವತ್ತಿಗೂ ಬಾಯಲ್ಲಿ ಹೇಳಿಲ್ಲ, ಬರೆದೇ ಕೊಡೋದು. ನಿಮ್ಮ ಕೆಲಸದವರಲ್ಲಿ ಅರ್ಧ ಜನ ನನ್ನ ಹಾಗೇ ಇದಾರೆ. ಇನ್ನರ್ಧ ಜನಕ್ಕೆ ಗಂಡಂದಿರು ಯಾರೋ ಬೇರೆಯವರ ಗಂಡಂದಿರ ಥರ ಯಾಕಿದಾರೆ?"

ಗಂಗಾಧರಯ್ಯ ಹಲ್ಲು ಕಿರಿದ. "ಕಾಲ ಬದಲಾಯ್ತಲ್ಲ ಮೇಡಂ. ಬೆಂಗಳೂರು ನೀರು ಕುಡಿದವ್ರೆ."

"ಇರಬಹುದು. ಮುಂದಿನವರನ್ನ ಕರೀರಿ."

"ಜಯಶೀಲಾ" ಅಂತ ಬರೆಯೋ ಹುಡುಗಿ ಕೂಗಿದಳು.

ಈಶ್ವರಮ್ಮ ಮುಂದೆ ಬಂದಳು. "ಹಾಜರ್. ಗಂಡನ ಹೆಸ್ರು ಸಂಜೀವಯ್ಯ" ಅಂದಳು. ಯಾರೂ ಕೇಳಿರಲಿಲ್ಲ. ಮೈದಾನದ ಆ ತುದಿಗೂ ಕೇಳಿಸೋ ಹಾಗೆ ಅಂದಳು, ಗಂಗಾಧರಯ್ಯನ ಮುಖ ನೋಡಿಕೊಂಡೇ ಅಂದಳು. ಸಾಲಿನಲ್ಲಿದ್ದ ಲಕ್ಷ್ಮಮ್ಮ ಬಿಳಚಿಕೊಂಡಳು.

"ನೋಡಿ, ಇವರೂ ನಾಚಲಿಲ್ಲ" ಅಂದರು ಕಮಲಾದೇವಿ. "ಇವರು ನಿಮ್ಮ ಕೆಲಸದವರೇನಾ?"

ಗಂಗಾಧರಯ್ಯನಿಗೆ ಹೋದ ಜೀವ ಬಂದ ಹಾಗಾಯ್ತು. ಇವಳು ದಿನಾ ಬೀದೀಲಿ ಕಾಣೋ ಮುಖ. ಬಡಾವಣೆಯ ಯಾರನ್ನ ಕರೆದು ಕೇಳಿದರೂ ಹೌದು ಅಂತಾರೆ. ಮಿಕ್ಕವರ ಮೇಲಿನ ಅನುಮಾನ ಇವಳೊಬ್ಬಳಿಂದ ತೊಳೆದುಹೋಗುತ್ತೆ ಅಂದುಕೊಂಡ.

"ಇವಳಾ ಮೇಡಂ? ನಮ್ ಜಯಶೀಲಾ. ಅವಳ ಬಗ್ಗೆ ಅನುಮಾನ ಪಟ್ರೆ ದೇವ್ರು ಮೆಚ್ಚಲ್ಲ. ನಾನು ಕಂಟ್ರಾಕ್ಟ್ ಹಿಡಿದಾಗ್ಲಿಂದ ಅವಳೇ. ಒಂದ್ ದಿನ ರಜೆ ಹಾಕಿದೋಳಲ್ಲ. ಬೇಕಾದ್ರೆ ಇನ್ಸ್‌ಪೆಕ್ಟರನ್ನ ಕೇಳಿ."

"ಹೌದು ಮೇಡಂ, ನಂಗೂ ಚೆನ್ನಾಗ್ ಗೊತ್ತು" ಅಂದ ಇನ್ಸ್‌ಪೆಕ್ಟರು.

"ಇಬ್ಬರೂ ಬರೆದು ಸೈನ್ ಮಾಡಿಕೊಡಿ. ಜಯಶೀಲಾ ಮೊದಲಿಂದ ಇವತ್ತಿನವರೆಗೂ ನಮ್ಮಲ್ಲೇ ಕೆಲಸಕ್ಕಿದಾರೆ ಅಂತ."

ಬರೆದರು. ಗಂಗಾಧರಯ್ಯ ಸೈನ್ ಮಾಡಿ ಕೆಳಗೆ ಒಂದು ಗೆರೆಯನ್ನೂ ಎಳೆದ.

"ಮೇಡಂ, ಅದನ್ನ ಎಲ್ರಿಗೂ ಕೇಳಿಸೋ ಹಂಗೆ ಓದ್ಸಿ" ಅಂದಳು ಈಶ್ವರಮ್ಮ. ಕಮಲಾದೇವಿ ಅವಳನ್ನೊಮ್ಮೆ ನೋಡಿ, ತಾವೇ ಎದ್ದು ನಿಂತು ಓದಿದರು.

"ಈಗ ನಾನು ಹೇಳ್ತೀನಿ. ಜಯಶೀಲಾ ನನ್ ತಂಗಿ. ಹೋದ್ ವರ್ಷ ಈ ಅಯ್ಯನ ಲಾರಿ ಹಿಂದಕ್ಕೆ ಬಂದು ಗೋಡೆಗೆ ಒತ್ತಿ ಅವಳನ್ನ ಸಾಯಿಸ್ತು. ಅವಳು ನಮ್ಮ ಕೆಲಸದೋಳೇ ಅಲ್ಲ ಅಂತ ಇವ್ರಿಬ್ರೂ ಪೊಲೀಸ್ರಿಗೆ ಹೇಳವ್ರೆ. ಸ್ಟೇಷನ್ನಿಗೆ ಫೋನ್ ಮಾಡಿ ಕೇಳಿ. ನಾನು ಈಶ್ವರಮ್ಮ. ನಾನು ಹಾಕಿರೋದು ಅವಳ ಹೆಣದ ಮೇಲಿಂದ ಬಿಚ್ಚಿದ ಕೋಟು." ಅವಳು ತಿರುಗಿ ನಿಂತು ಬೆನ್ನು ತೋರಿಸಿದಳು.

ಇನ್ಸ್‌ಪೆಕ್ಟರು ಮೊಬೈಲು ಕಿವಿಗೆ ಹಿಡಿದು ಹಲೋ ಹಲೋ ಅಂತ ಗೇಟಿನ ಕಡೆ ನಡೆದ. ಕಾನ್‌ಸ್ಟೇಬಲ್ ಅಡ್ಡ ಬಂದ.

"ಕುಡ್ದು ಬಂದವಳೆ ಮೇಡಂ. ಇವರ ಕೇರಿ ಬುದ್ಧೀನೇ ಇಷ್ಟು" ಅಂದ ಗಂಗಾಧರಯ್ಯ. ಆಮೇಲೆ ಸೈನ್ ಮಾಡಿದ್ದು ನೆನಪಾಯ್ತೇನೋ, ಮುಖ ಕಪ್ಪಿಟ್ಟಿತು. ಕಿಟ್ಟಿಯ ಕಡೆ ತಿರುಗಿದ. "ನಂಗೇನ್ ಗೊತ್ತು, ಎಲ್ಲಾ ಈ ಬಡ್ಡಿಮಗಂದು. ಜನ ನೋಡ್ಕೊಳ್ಳೋನು ಇವ್ನು" ಅಂತ ಎಲ್ಲರ ಎದುರಿಗೇ ಅವನ ಕೆನ್ನೆಗೆ ಬಾರಿಸಿದ.

ಅಲ್ಲೇ ಕೆಟ್ಟಿದ್ದು. ಕಿಟ್ಟಿ ಗುಲಾಮನೇ ಇರಬಹುದು, ಆದರೆ ಅಷ್ಟೂ ಹೆಂಗಸರ ಮುಂದೆ ದಿನಾ ಮೀಸೆ ತಿರುವಿಕೊಂಡು ಮೆರೆದವನು. ಕೆನ್ನೆ ಹಿಡ್ಕೊಂಡು ನಿಂತ. ಕಣ್ಣಲ್ಲಿ ನೀರು.

"ಕೋಟು ಬಿಚ್ಚೋ ಅಂದಿದ್ದು ಯಾರಣ್ಣ?" ಅಂದ. "ನಾನು ಆಂಬುಲೆನ್ಸಿಗೆ ಫೋನ್ ಮಾಡ್ತೀನಿ ಅಂದೆ. ಮೊದ್ಲು ಕೋಟು ಬಿಚ್ಚು, ಆಮೇಲೆ ಫೋನು ಅಂದ್ರಿ. ಅವಳಿಗಿನ್ನೂ ಉಸಿರಿತ್ತು ಅಣ್ಣ."

ಉಸಿರಿತ್ತು. ಈಶ್ವರಮ್ಮನಿಗೆ ಅದು ಗೊತ್ತಿರಲಿಲ್ಲ. ಹೆಣದ ಮೇಲಿಂದ ಬಿಚ್ಚಿದರು ಅಂದುಕೊಂಡಿದ್ದಳು. ಗಂಗಾಧರಯ್ಯನ ಮುಂದೆ ಬೀಳಬಾರದು ಅಂತ ನಿಂತಳು.

"ಇತ್ತು" ಅಂತ ಸಾಲಿನಿಂದ ಒಂದು ಧ್ವನಿ ಬಂತು. ಲಕ್ಷ್ಮಮ್ಮ. ಕೋಟು ಬಿಚ್ಚಿ ನೆಲಕ್ಕೆ ಎಸೆದು ಮುಂದೆ ಬಂದಳು. "ಅಕ್ಕನ್ನ ಕರೀರಿ ಅಂತ ಎರಡು ಸಲ ಅಂದ್ಲು. ನಾನು ನೋಡಿದೀನಿ. ಮನೆ ಖಾಲಿ ಮಾಡುಸ್ತಾನೆ ಅಂತ ಬಾಯ್ ಮುಚ್ಕೊಂಡೆ. ಮಾಡುಸ್ಲಿ."

ಈಶ್ವರಮ್ಮ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಕಮಲಾದೇವಿ ಸೈನ್ ಆದ ಕಾಗದ ಮೇಲೆತ್ತಿ ಹಿಡಿದರು. "ಗಂಗಾಧರಯ್ಯನವರೇ, ಒಂದೇ ಪ್ರಶ್ನೆ. ಜಯಶೀಲಾ ನಿಮ್ಮ ಕೆಲಸಕ್ಕೆ ಇದ್ದರಾ, ಇಲ್ಲವಾ? ಇರಲಿಲ್ಲ ಅಂದರೆ ಇಷ್ಟು ದಿನ ಇಲ್ಲದವರ ಹೆಸರಲ್ಲಿ ಸರ್ಕಾರದ ದುಡ್ಡು ತಿಂದಿದೀರಿ, ಇವತ್ತು ಸೈನೂ ಮಾಡಿದೀರಿ. ಇದ್ದರು ಅಂದರೆ ಅವರು ಹೇಗೆ ಸತ್ತರು ಅಂತ ಹೇಳಬೇಕಾಗುತ್ತೆ. ಯಾವುದು ಅಂತ ಹೇಳಿ."

ಗಂಗಾಧರಯ್ಯ ಗೇಟು ನೋಡಿದ. ಕಿಟ್ಟಿಯನ್ನ ನೋಡಿದ. ಜಲ್ಲಿ ಹೊರೋ ಹೆಂಗಸರು ಆಗಲೇ ಕೋಟು ಬಿಚ್ಚಿ ಗುಡ್ಡೆ ಹಾಕ್ತಿದ್ದರು. ಅವನು ಬೆವರು ಒರೆಸಿಕೊಂಡು ಈಶ್ವರಮ್ಮನ ಹತ್ತಿರ ಬಂದ. ಬಗ್ಗಿ, ಅವಳಿಗೆ ಮಾತ್ರ ಕೇಳಿಸೋ ಹಾಗೆ, "ಎಷ್ಟು ಬೇಕು ಹೇಳಮ್ಮ. ಶೀಟಿನ ಮನೇನ ನಿನ್ ಹೆಸರಿಗೇ ಬರೆದುಕೊಡ್ತೀನಿ" ಅಂದ. ಏಯ್ ಅನ್ನೋ ಬಾಯಲ್ಲಿ ಮೊದಲ ಸಲ ಅಮ್ಮ ಬಂತು.

"ಅಯ್ಯ ಎಷ್ಟು ಬೇಕು ಅಂತ ಕೇಳ್ತಾವ್ನೆ ಕಣ್ರೇ" ಅಂತ ಈಶ್ವರಮ್ಮ ಸಾಲಿಗೆ ಕೇಳಿಸೋ ಹಾಗೆ ಅಂದಳು. "ಮನೆ ಬರೆದುಕೊಡ್ತಾನಂತೆ." ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಬಿಸಿಲಲ್ಲಿ ನಿಂತು ನಿಂತು ಬೆಂದ ಹೆಂಗಸರು ಹೊಟ್ಟೆ ಹಿಡ್ಕೊಂಡು ನಕ್ಕರು.

ಅವಳು ನಗಲಿಲ್ಲ.

"ನಂಗೆ ನಿನ್ ಮನೆ ಬೇಡ. ಮೇಡಂ ಕೇಳಿದ್ದಕ್ಕೆ ಹೇಳು. ಇದ್ದಳಾ, ಇಲ್ವಾ?"

"ಇದ್ದಳು."

"ಯಾರು ಇದ್ದಳು? ಹೆಸ್ರಿಲ್ವಾ ಅವಳಿಗೆ?"

"ಜಯಶೀಲಾ."

"ರಸ್ತೆ ದಾಟೋವಾಗ ಸತ್ತಳಾ?"

ಅವನು ತಲೆ ಅಲ್ಲಾಡಿಸಿದ.

"ತಲೆ ಅಲ್ಲಾಡಿಸ್ಬೇಡ. ಬಾಯಲ್ಲಿ ಹೇಳು."

"ಅಲ್ಲ. ನನ್ ಲಾರಿ ಹಿಂದೆ ಸತ್ತಳು. ಕೆಲಸ ಮಾಡ್ತಾ ಸತ್ತಳು." ಅವನ ಧ್ವನಿ ಮುಂದಿನ ಸಾಲನ್ನೂ ದಾಟಲಿಲ್ಲ. ಬಿಳೀ ಪಂಚೆಯ ಅಂಚು ಮಣ್ಣಲ್ಲಿ ಎಳೆದಾಡ್ತಿತ್ತು. ಬರೆಯೋ ಹುಡುಗಿ ಬರೆದುಕೊಳ್ತಾ ಇದ್ದಳು.

ಈಶ್ವರಮ್ಮನಿಗೆ ಹಿತವಾಯ್ತು. ಸುಳ್ಳು ಯಾಕೆ ಹೇಳಬೇಕು, ಬಾಯಾರಿದವಳಿಗೆ ಗೇಟು ತೆಗೆದು ಕೂರಿಸಿ ಲೋಟದಲ್ಲಿ ನೀರು ಕೊಟ್ಟಷ್ಟು ಹಿತವಾಯ್ತು. ಇನ್ನೂ ಬೇಕು ಅನ್ನಿಸಿತು. ನಾಳೆ ಶೃತಿಯನ್ನ ಇವನ ಎದುರಿಗೆ ತಂದು ನಿಲ್ಲಿಸಿ ಇದೇ ಮಾತು ಹೇಳಿಸಬೇಕು, ಸ್ಟೇಷನ್ನಿನಲ್ಲಿ, ಕೋರ್ಟಿನಲ್ಲಿ, ಜೈಲಿನ ಕಂಬಿ ಹಿಂದೆ, ಬಾಯಿ ಒಣಗೋ ತನಕ ಹೇಳಿಸಬೇಕು.

"ಹಿಂದಿನ ಸಾಲಿನೋರಿಗೆ ಕೇಳಿಸ್ಲಿಲ್ಲ" ಅಂದಳು. "ಇನ್ನೊಂದ್ ಸಲ ಹೇಳು."